ಬೀಗ ಹಾಕಿದ ಮನೆಯ ಸರಾಸರಿ

ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಮೀಟರಪ್ಪನಿಗೆ ಯಾವ ಮನೆಯವರೂ ಒಮ್ಮೆಯೂ "ಬನ್ನಿ" ಅಂದದ್ದಿಲ್ಲ. "ಬಂದ್ರಾ?" ಅಂದಿದ್ದಾರೆ. "ಮತ್ತೆ ಬಂದ್ರಾ?" ಅಂದಿದ್ದಾರೆ. ನಾಯಿಯ ಕಡೆ ತಿರುಗಿ, "ಸುಮ್ನಿರೋ, ಅದೇ ಮನುಷ್ಯ" ಅಂದಿದ್ದಾರೆ. ಮನೆಮನೆಗೆ ಹೋಗಿ ವಿದ್ಯುತ್ ಮೀಟರ್ ಓದುವವನ ಹಣೆಬರಹವೇ ಅಷ್ಟು. ಅವನು ಬಂದರೂ ಸಿಟ್ಟು, ಹೋದಮೇಲೆ ಬರುವ ಬಿಲ್ಲಿನ ಮೇಲೂ ಸಿಟ್ಟು.

ಮೀಟರಪ್ಪನೂ ಋಣ ಇಟ್ಟುಕೊಳ್ಳುವವನಲ್ಲ. ಜನ ಅವನನ್ನು ಎಷ್ಟು ದ್ವೇಷಿಸುತ್ತಿದ್ದರೋ ಅದರ ಮೇಲೆ ಒಂದು ತೂಕ ಹೆಚ್ಚು ಹಾಕಿಯೇ ಅವನು ಜನರನ್ನು ದ್ವೇಷಿಸುತ್ತಿದ್ದ. ಮನುಷ್ಯನ ಮುಖ ಸುಳ್ಳು, ಗೋಡೆಯ ಮೇಲಿನ ಡಬ್ಬಿ ನಿಜ ಎಂಬುದು ಅವನ ಸಿದ್ಧಾಂತ. ಮೆಟ್ಟಿಲ ಕೆಳಗೆ, ಚಪ್ಪಲಿ ಗೂಡಿನ ಹಿಂದೆ, ಒಡೆದ ಬಕೆಟ್ಟು ಪೊರಕೆಗಳ ಸಂದಿಯಲ್ಲಿ ಕತ್ತು ತೂರಿಸಿ, ಟಾರ್ಚು ಬಿಟ್ಟು, ಐದು ಅಂಕಿ ಬರೆದುಕೊಂಡು ಬಂದುಬಿಟ್ಟರೆ ಆ ಸಂಸಾರದ ಒಳಹೊರಗೆಲ್ಲ ತನಗೆ ತಿಳಿದಂತೆ ಎಂದು ನಂಬಿದ್ದ. "ಮೂರನೇ ಮನೆಯೋರು ಸರಳ ಜೀವನ ಅಂತ ಭಾಷಣ ಬಿಗೀತಾರೆ. ತಿಂಗಳಿಗೆ ಮುನ್ನೂರು ಯೂನಿಟ್ಟು!" ಎಂದು ಮನೆಗೆ ಬಂದು ಹೆಂಡತಿಗೆ ವರದಿ ಒಪ್ಪಿಸುತ್ತಿದ್ದ.

ಆ ಕೆಲಸದಲ್ಲಿ ಒಂದು ಪದ್ಧತಿ ಇತ್ತು. ಮನೆಗೆ ಬೀಗ ಹಾಕಿದ್ದರೆ ಪುಸ್ತಕದಲ್ಲಿ "ಬೀ.ಹಾ." ಎಂದು ಬರೆದು, ಹಿಂದಿನ ತಿಂಗಳುಗಳ ಸರಾಸರಿ ಎಷ್ಟೋ ಅಷ್ಟನ್ನು ತುಂಬಿಬಿಡುವುದು. ಕಾನೂನೇ ಹಾಗಿತ್ತು. ಮೀಟರಪ್ಪ ಅದನ್ನು ಕಾನೂನಿಗಿಂತ ಸ್ವಲ್ಪ ಮುಂದಕ್ಕೆ ಒಯ್ದಿದ್ದ. ನಾಯಿ ಬಿಚ್ಚಿದ್ದರೂ ಬೀ.ಹಾ., ಮೂರನೇ ಮಹಡಿಗೆ ಮೆಟ್ಟಿಲು ಕಡಿದಾಗಿದ್ದರೂ ಬೀ.ಹಾ., ಹಿಂದಿನ ದಿನ ಆ ಮನೆಯಾಕೆ ಮುಖಕ್ಕೆ ಹೊಡೆದಂತೆ ಮಾತಾಡಿದ್ದರೂ ಬೀ.ಹಾ. ಇಪ್ಪತ್ತಾರು ವರ್ಷದಲ್ಲಿ ಅವನ ಪುಸ್ತಕದ ಒಂದು ಮನೆ ಖಾಲಿ ಉಳಿದದ್ದಿಲ್ಲ. ಅದಕ್ಕೊಂದು ಪ್ರಶಸ್ತಿ ಪತ್ರವೂ ಸಿಕ್ಕಿ, ಕಟ್ಟು ಹಾಕಿಸಿಕೊಂಡು ನಡುಮನೆಯ ಗೋಡೆ ಏರಿತ್ತು.

ಅಷ್ಟರಲ್ಲಿ ತಾವೇ ಓದಿಕೊಂಡು ತಾವೇ ಕಚೇರಿಗೆ ಸುದ್ದಿ ಮುಟ್ಟಿಸುವ ಮೀಟರುಗಳು ಬಂದವು. ಕಚೇರಿಯವರು ಮೀಟರಪ್ಪನನ್ನು ಮನೆಗೆ ಕಳಿಸಲಾರದೆ, ಇಟ್ಟುಕೊಳ್ಳಲೂ ಆಗದೆ, ಆರೋಗ್ಯ ಇಲಾಖೆಗೆ ಎರವಲು ಕೊಟ್ಟರು. ಅಲ್ಲಿ ಒಂದು ಹೊಸ ಗಣತಿ ನಡೆಯುವುದಿತ್ತು. ದನಕರು ಎಣಿಸುವುದು, ಮನೆ ಎಣಿಸುವುದು ಅವನಿಗೆ ಗೊತ್ತಿತ್ತು. ಇದು ಜನರ ಮನಸ್ಸನ್ನು ಎಣಿಸುವುದು. ಕುಗ್ಗಿ ಕೂತವರು ನೂರಕ್ಕೆ ಎಷ್ಟು ಜನ, ಮಿತಿಮೀರಿ ಹಿಗ್ಗಿ ಹಾರಾಡುವವರು ಎಷ್ಟು ಜನ, ಒಮ್ಮೆ ಹಾಗೆ ಒಮ್ಮೆ ಹೀಗೆ ಆಗುವವರು ಎಷ್ಟು. ವಾರ್ಡು ವಾರ್ಡಿಗೆ, ಊರು ಊರಿಗೆ, ದೇಶ ದೇಶಕ್ಕೆ ಹೋಲಿಸಿ ನೋಡುವುದಂತೆ.

ಮೂರು ದಿನ ತರಬೇತಿ. ಚಿಕ್ಕ ಮಕ್ಕಳ ಬೆಂಚುಗಳಲ್ಲಿ ಮಂಡಿ ಗಲ್ಲಕ್ಕೆ ತಾಗುವಂತೆ ಕೂತ ಇಪ್ಪತ್ತು ಜನರಿಗೆ ಪಾಠ ಹೇಳಿದವಳು ಗಣತಿಯ ಮೇಲ್ವಿಚಾರಕಿ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಗಿಡ್ಡ ಹೆಂಗಸು. ಎದುರಿಗಿದ್ದವನ ನಾಡಿ ಹಿಡಿಯದೆಯೇ ಲೆಕ್ಕ ಹಾಕುವಂಥ ನೋಟ.

"ಪ್ರಶ್ನೆ ಒಂಬತ್ತಿದೆ. ಮೊದಲ ಎರಡು ಹೆಬ್ಬಾಗಿಲು," ಎಂದಳು. "ಎರಡು ವಾರದಿಂದ ದಿನದ ಹೆಚ್ಚು ಹೊತ್ತು ಮನಸ್ಸು ಕುಗ್ಗಿತ್ತಾ? ಮುಂಚೆ ಇಷ್ಟಪಡ್ತಿದ್ದ ಕೆಲಸದಲ್ಲಿ ಆಸಕ್ತಿ ಹೋಗಿದೆಯಾ? ಎರಡಕ್ಕೂ ಇಲ್ಲ ಅಂದ್ರೆ ಉಳಿದಿದ್ದು ಕೇಳೋದು ಬೇಡ, ಹಿಂದಿನ ಪುಟದ ಹುರುಪಿನ ಪ್ರಶ್ನೆ ಕೇಳಿ ಮುಗಿಸಿ. ಆದ್ರೆ ಅವಸರ ಬೇಡ. ಎಷ್ಟೋ ಜನ ದುಃಖ ಅನ್ನಲ್ಲ, ತಲೆನೋವು ಅಂತಾರೆ. ಬೇಜಾರು ಅನ್ನಲ್ಲ, ಮೈಯೆಲ್ಲ ಭಾರ ಅಂತಾರೆ. ಗಂಡಸ್ರಂತೂ ಏನೂ ಅನ್ನಲ್ಲ, ಬಾಗಿಲು ದಡಾರಂತ ಹಾಕ್ತಾರೆ. ಕೂತ್ಕೊಳ್ಳಿ. ಕೂತು ಕೇಳಿ."

ಮೀಟರಪ್ಪ ಕೈಯೆತ್ತಿದ. "ಮೇಡಂ, ಬೀಗ ಹಾಕಿದ್ರೆ?"

"ಮೂರು ಸಲ ಹೋಗಿ. ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತು. ಮೂರು ಸಲವೂ ಆಗದಿದ್ರೆ ಖಾಲಿ ಬಿಡಿ."

ಖಾಲಿ! ಮೀಟರಪ್ಪ ಒಳಗೊಳಗೇ ನಕ್ಕ. ಪಾಪ, ಆಸ್ಪತ್ರೆಯವಳು. ಕ್ಷೇತ್ರದ ಕೆಲಸ ಏನು ಗೊತ್ತು ಅವಳಿಗೆ? "ಇನ್ನೊಂದು ಮಾತು," ಎಂದಳು ಮೇಲ್ವಿಚಾರಕಿ. "ನಿಮ್ಮ ಸ್ವಂತ ಮನೆ ಲೆಕ್ಕಕ್ಕೆ ಬಂದ್ರೆ ಪಕ್ಕದ ವಾರ್ಡಿನವರಿಗೆ ಬಿಟ್ಟುಕೊಡಿ." ಅದನ್ನು ಅವನು ಕೇಳಿಸಿಕೊಳ್ಳಲಿಲ್ಲ. ಗಣತಿ ಚೆನ್ನಾಗಿ ನಡೆಸಿದವರಲ್ಲಿ ಒಬ್ಬರನ್ನು ವಲಯದ ಮುಖ್ಯಸ್ಥರನ್ನಾಗಿ ಮಾಡುತ್ತಾರಂತೆ ಎಂದು ಹಿಂದಿನ ಬೆಂಚಿನವನು ಪಿಸುಗುಟ್ಟುತ್ತಿದ್ದ. ಮೀಟರಪ್ಪನ ಕಿವಿ ಅಲ್ಲಿಗೆ ಹೋಗಿತ್ತು.

ವಾರ್ಡಿನಲ್ಲಿ ಏಳು ಮನೆಗೊಂದರಂತೆ ಎಣಿಸಿ ಹೋಗುವುದು. ಮೊದಲ ಮನೆಯ ಇಸ್ತ್ರಿ ಅಂಗಡಿಯಾಕೆ ಬಾಗಿಲ ಸಂದಿಯಿಂದ ಮೂಗು ಮಾತ್ರ ಹೊರಗಿಟ್ಟಳು.

"ಎರಡು ವಾರದಿಂದ ಬೇಜಾರೇನಾದ್ರೂ ಇತ್ತಾ?"

"ನೀವು ಬರೋವರೆಗೂ ಇರಲಿಲ್ಲ."

'ಇಲ್ಲ' ಎಂದು ಬರೆದುಕೊಂಡ. ಸ್ವತಃ ಆಕೆಯೇ ಹೇಳಿದ್ದಲ್ಲವೇ?

ಎರಡು ದಿನದಲ್ಲಿ ಅವನು ಕೈಕುದುರಿಸಿಕೊಂಡುಬಿಟ್ಟ. "ಬೇಜಾರು ಇತ್ತಾ?" ಎಂದರೆ ಜನ ಯೋಚನೆಗೆ ಬೀಳುತ್ತಾರೆ, ಯೋಚನೆಗೆ ಬಿದ್ದರೆ ಮಾತು, ಮಾತಿಗೆ ಬಿದ್ದರೆ ಮುಕ್ಕಾಲು ಗಂಟೆ. ಅದರ ಬದಲು ನಿಂತಲ್ಲೇ ನಿಂತು, ಪೆನ್ನನ್ನು 'ಇಲ್ಲ'ದ ಮೇಲೆ ಇಟ್ಟುಕೊಂಡೇ, "ಬೇಜಾರು ಗೀಜಾರು ಏನೂ ಇಲ್ಲ ತಾನೆ?" ಎಂದುಬಿಟ್ಟರೆ ಎಂಥವನ ಬಾಯಲ್ಲೂ "ಇಲ್ಲ" ಎಂದೇ ಬರುತ್ತದೆ. ಒಬ್ಬ ಮುದುಕ ತಿಂಗಳಿನಿಂದ ಮೈಯೆಲ್ಲ ಉರಿ, ಅನ್ನ ಸೇರಲ್ಲ ಎಂದ. "ಅದು ಹೊಟ್ಟೆ ಡಾಕ್ಟ್ರ ಇಲಾಖೆ, ಇದು ಮನಸ್ಸಿನ ಇಲಾಖೆ," ಎಂದು ತಿಳಿಹೇಳಿ 'ಇಲ್ಲ' ಬರೆದ. ಕೊನೆಮನೆ ಬಡಗಿ ಕಣ್ಣು ಕೆಂಡ ಮಾಡಿಕೊಂಡು ಹೊಗಳುವವರ ದಾರಿ ಕಾಯುತ್ತಿದ್ದ. "ನೋಡು ಅಣ್ಣ, ಐದು ದಿನ ಆಯ್ತು ಕಣ್ಣು ಮುಚ್ಚಿಲ್ಲ, ಸುಸ್ತು ಅನ್ನೋದೇ ಇಲ್ಲ! ಹನ್ನೊಂದು ಕುರ್ಚಿ ಮುಗೀತು, ನಲವತ್ತು ಮಾಡ್ತೀನಿ, ಇಡೀ ಬೀದಿನ ಕೂರಿಸ್ತೀನಿ!" ಮನೆಯಲ್ಲಿ ಇದ್ದದ್ದು ಇಬ್ಬರೇ. ಬಡಗಿಯ ಹೆಂಡತಿ ಕುರ್ಚಿಗಳ ಹಿಂದೆ ಸಿಕ್ಕಿಬಿದ್ದವಳಂತೆ ನಿಂತು ಮೀಟರಪ್ಪನನ್ನೇ ನೋಡುತ್ತಿದ್ದಳು, ಏನೋ ಹೇಳುವವಳಂತೆ. ಅತಿ ಹುರುಪು ಇದೆಯೇ ಎಂಬ ಪ್ರಶ್ನೆಗೆ ಮೀಟರಪ್ಪ 'ಇಲ್ಲ' ಎಂದು ಗುರುತು ಹಾಕಿ, ಪಕ್ಕದಲ್ಲಿ ಮೆಚ್ಚುಗೆಯಿಂದ "ಶ್ರಮಜೀವಿ" ಎಂದು ಸೇರಿಸಿದ.

ಬಾಗಿಲು ತೆರೆಯದವರು, ತೆರೆದು ಬೈದವರು, ಸುಮ್ಮನೆ ಅವನನ್ನೇ ನೋಡುತ್ತ ನಿಂತು ಉತ್ತರಿಸದವರು, ಇವರಿಗೆಲ್ಲ ಹಳೆಯ ಪದ್ಧತಿ. ಬೀದಿಯ ಸರಾಸರಿ ಎಷ್ಟು? ಇಲ್ಲ. ಹಾಗಾದರೆ ಇವರಿಗೂ ಇಲ್ಲ.

ಏಳರ ಲೆಕ್ಕದಲ್ಲಿ ಒಂದು ದಿನ ಅವನದೇ ಮನೆ ಬಂತು.

ಇಲ್ಲಿ ಅವನ ಹೆಂಡತಿಯ ವಿಷಯ ಹೇಳದಿದ್ದರೆ ಕತೆ ಕುಂಟುತ್ತದೆ. ಆಕೆ ಮನೆಯಲ್ಲೇ ಹೊಲಿಗೆ ಮಾಡುವವಳು. ಕಿಟಕಿಯ ಪಕ್ಕ ಕಾಲಲ್ಲಿ ತುಳಿಯುವ ಮಿಶನ್ನು, ಅದರ ಮೇಲೆ ಬೀದಿಯ ಅರ್ಧ ಜನರ ಪ್ಯಾಂಟು. ಆದರೆ ಆಕೆಯ ನಿಜವಾದ ಕಸುಬು ಜಗಳ. ಇಪ್ಪತ್ತೈದು ವರ್ಷ ಗಂಡನೊಂದಿಗೆ ಒಂದು ದಿನ ರಜೆಯಿಲ್ಲದೆ ಜಗಳವಾಡಿದ್ದಳು. ಒದ್ದೆ ಕೊಡೆ ಒಳಗೆ ತಂದರೆ ಜಗಳ, ಹೊರಗಿಟ್ಟು ಕಳೆದುಕೊಂಡರೆ ಜಗಳ. "ಊರ ಮನೆ ಮೀಟರೆಲ್ಲ ಓದ್ತೀರಿ, ಈ ಮನೇಲಿ ಉಪ್ಪಿನ ಡಬ್ಬಿ ಖಾಲಿ ಅಂತ ಓದಕ್ಕೆ ಬರಲ್ವಾ?" ಎಂದು ಆಕೆ ಶುರು ಮಾಡಿದರೆ ಮಿಶನ್ನಿನ ಗಾಲಿ ಮಾತಿಗೆ ತಾಳ ಹಾಕುತ್ತಿತ್ತು. ಬೀದಿಯ ಹೆಂಗಸರು ಹೊಲಿಗೆಯ ನೆಪ ತೆಗೆದು ಬಂದು ಕೂತು ಕೇಳಿ ಕಲಿತುಹೋಗುತ್ತಿದ್ದರು.

ಎಂಟು ತಿಂಗಳ ಹಿಂದೆ ಅದು ನಿಂತಿತ್ತು. ಹೀಗೇ, ಯಾವ ಕಾರಣವೂ ಇಲ್ಲದೆ. ಮೊದಲು ಬೈಗುಳ ಮೊಟಕಾಯಿತು, ಆಮೇಲೆ "ಹೂಂ" ಆಯಿತು, ಆಮೇಲೆ ಅದೂ ಹೋಯಿತು. ಮಿಶನ್ನಿಗೆ ಮುಸುಕು ಬಿತ್ತು. ಜನ ಬಂದು ತಮ್ಮ ಪ್ಯಾಂಟುಗಳನ್ನು ಹಾಗೆಯೇ ಹಿಂದಕ್ಕೆ ಒಯ್ದರು. ಆಕೆ ಅಡುಗೆ ಮಾಡುತ್ತಿದ್ದಳು, ತಾನು ಸರಿಯಾಗಿ ತಿನ್ನುತ್ತಿರಲಿಲ್ಲ. ಹಗಲು ಹನ್ನೆರಡಕ್ಕೂ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು.

ಮೀಟರಪ್ಪ ಇದನ್ನು ಗಮನಿಸಲಿಲ್ಲ ಎನ್ನುವಂತಿಲ್ಲ. ಗಮನಿಸಿದ, ಮೀಸೆ ತಿರುವಿದ. ಇಪ್ಪತ್ತೈದು ವರ್ಷದ ಯುದ್ಧದಲ್ಲಿ ಕೊನೆಗೂ ತಾನು ಗೆದ್ದೆ ಎಂದುಕೊಂಡ. ಕಚೇರಿಯ ಗೆಳೆಯರಿಗೆ, "ಹೆಂಡ್ತಿನ ಬಗ್ಗಿಸೋದು ಒಂದು ಕಲೆ ಕಣ್ರಯ್ಯ. ತಾಳ್ಮೆ ಬೇಕು," ಎಂದು ಉಪದೇಶವನ್ನೂ ಮಾಡಿದ್ದ. ಒದ್ದೆ ಕೊಡೆಯನ್ನು ನಡುಮನೆಯ ಮಧ್ಯಕ್ಕೇ ಬಿಚ್ಚಿ ಇಟ್ಟು ನೋಡಿದ್ದ. ನೀರು ಹರಿದು ಚಾಪೆ ನೆನೆಯಿತು. ಆಕೆ ದಾಟಿಕೊಂಡು ಹೋದಳು.

ಹೀಗಾಗಿ ಗಣತಿಯ ಫಾರಂ ಹಿಡಿದು ತನ್ನ ಮನೆಯ ಹೊಸ್ತಿಲಲ್ಲಿ ನಿಂತಾಗ ಅವನಿಗೆ ಅನುಮಾನವೇ ಇರಲಿಲ್ಲ.

"ಏನೇ, ಬೇಜಾರು ಗೀಜಾರು ಏನೂ ಇಲ್ಲ ತಾನೆ?"

ಮಂಚದ ಮೇಲಿನ ಬೆನ್ನು ಮಾತಾಡಲಿಲ್ಲ.

"ಸರ್ಕಾರ ಕೇಳ್ತಿದೆ, ನಾನಲ್ಲ."

ಬೆನ್ನು ಸರ್ಕಾರಕ್ಕೂ ಉತ್ತರ ಕೊಡಲಿಲ್ಲ. ಬೀ.ಹಾ. ಸರಾಸರಿ, ಇಲ್ಲ. ಮೀಟರಪ್ಪ ಅಲ್ಲಿಂದ ಏಳನೇ ಮನೆಗೆ ಹೊರಟ.

ಇನ್ನೂರ ಹನ್ನೆರಡು ಫಾರಂ ತುಂಬಿ ಎಲ್ಲರಿಗಿಂತ ಮೊದಲು ಕೊಟ್ಟವನು ಅವನೇ. ಅಷ್ಟೂ ಫಾರಂಗಳಲ್ಲಿ ಕುಗ್ಗಿದವನು ಎಂದು ದಾಖಲಾದವನು ಒಬ್ಬನೇ ಒಬ್ಬ. ಆತ ಲಾರಿ ಓಡಿಸಿ ನಿವೃತ್ತನಾದವನು. ಮೀಟರಪ್ಪನ ಕಾಲರ್ ಹಿಡಿದು, "ಇದೆ ಅಂತ ಬರೀತೀಯೋ ಇಲ್ವೋ?" ಎಂದು ಗೋಡೆಗೆ ಒತ್ತಿದ್ದರಿಂದ ಬರೆಯಲೇಬೇಕಾಯಿತು.

ಮರುವಾರ ಕರೆ ಬಂತು. ಮುಖ್ಯಸ್ಥನ ಹುದ್ದೆಯ ಮಾತಿಗೇ ಇರಬೇಕು ಎಂದು ಮೀಟರಪ್ಪ ಇಸ್ತ್ರಿಯ ಅಂಗಿ ಹಾಕಿಕೊಂಡು ಹೋದ. ಮೇಲ್ವಿಚಾರಕಿಯ ಮೇಜಿನ ಮೇಲೆ ಎರಡು ಕಟ್ಟು ಫಾರಂ.

"ಇದು ನಿಮ್ಮ ವಾರ್ಡು, ಇದು ಪಕ್ಕದ್ದು. ಮಧ್ಯೆ ಇರೋದು ಒಂದು ರಸ್ತೆ. ಆ ಕಡೆ ನೂರಕ್ಕೆ ಹದಿಮೂರು ಜನಕ್ಕೆ ತೊಂದರೆ ಇದೆ, ಈ ಕಡೆ ನೂರಕ್ಕೆ ಒಬ್ಬರೂ ಇಲ್ಲ. ರಸ್ತೆ ದಾಟಿದ್ರೆ ಜನ ಸುಖವಾಗ್ಬಿಡ್ತಾರಾ?"

"ನಮ್ಮ ಕಡೆ ಗಾಳಿ ಚೆನ್ನಾಗಿದೆ ಮೇಡಂ."

"ಗಾಳಿ!" ಆಕೆ ಕನ್ನಡಕ ತೆಗೆದಳು. "ನೋಡಿ, ಊರೂರಿಗೂ ದೇಶ ದೇಶಕ್ಕೂ ಈ ಅಂಕಿ ಬೇರೆ ಬೇರೆ ಬರುತ್ತೆ, ನನಗೆ ಗೊತ್ತಿದೆ. ಕೆಲವು ಕಡೆ ನಿಜವಾಗ್ಲೂ ಕಷ್ಟ ಹೆಚ್ಚು. ಕೆಲವು ಕಡೆ ಜನ ಬಾಯಿ ಬಿಡಲ್ಲ. ಕೆಲವು ಕಡೆ ಕೇಳೋನೇ ಸರಿ ಇಲ್ಲ. ಒಂದೂ ಇಲ್ಲದ ಊರು ಮಾತ್ರ ನಾನು ನೋಡಿಲ್ಲ. ಹತ್ತು ಫಾರಂ ತೆಗೆದು ನಾನೇ ಮತ್ತೆ ಕೇಳ್ತೀನಿ. ತಾಳೆ ಆಗದಿದ್ರೆ ಇಷ್ಟೂ ರದ್ದಿಗೆ, ನೀವು ಮನೆಗೆ."

ಕಟ್ಟಿನ ನಡುವಿಂದ ಕಣ್ಣು ಮುಚ್ಚಿ ಒಂದೊಂದೇ ಎಳೆದಳು. ನಾಲ್ಕನೆಯದನ್ನು ಎಳೆದು ಕಣ್ಣು ಬಿಟ್ಟವಳು ವಿಳಾಸ ಓದಿದಳು, ಅವನ ಮುಖ ಓದಿದಳು, ಮತ್ತೆ ವಿಳಾಸ ಓದಿದಳು.

"ಇದು ನಿಮ್ಮ ಮನೆ."

"ಹೌದು ಮೇಡಂ. ನನ್ನ ಮನೆ ಅಂತ ರಿಯಾಯಿತಿ ತೋರಿಸಿಲ್ಲ."

"ಅದು ಕಾಣ್ತಿದೆ. ಹತ್ತು ನಾಲ್ಕಕ್ಕೆ ಶುರು, ಹತ್ತು ಆರಕ್ಕೆ ಮುಗಿದಿದೆ. ಎಷ್ಟು ವರ್ಷ ಆಯ್ತು ಮದುವೆಯಾಗಿ?"

"ಇಪ್ಪತ್ತೈದು."

"ಇಪ್ಪತ್ತೈದು ವರ್ಷ, ಎರಡು ನಿಮಿಷ." ಫಾರಂ ಬದಿಗಿಟ್ಟಳು. "ನಾಳೆ ಹನ್ನೊಂದು ಗಂಟೆಗೆ ಬರ್ತೀನಿ, ಮೊದಲು ಈ ಮನೆಗೇ."

ಮಾರನೆಯ ಬೆಳಿಗ್ಗೆ ಮೀಟರಪ್ಪ ಹೆಂಡತಿಯ ಮಂಚದ ಪಕ್ಕ ನಿಂತು ತರಬೇತಿ ಶುರು ಮಾಡಿದ.

"ನೋಡೇ, ಒಬ್ಬಳು ಬರ್ತಾಳೆ. ದೊಡ್ಡ ಅಧಿಕಾರಿ ಅನ್ನೋ ಜಂಬ. ಒಂಬತ್ತು ಪ್ರಶ್ನೆ ಕೇಳ್ತಾಳೆ. ನಿದ್ದೆ ಬರಲ್ವಾ ಅಂತಾಳೆ, ಊಟ ಸೇರಲ್ವಾ ಅಂತಾಳೆ, ಒಂಬತ್ತನೇದಾಗಿ ಬದುಕೋದೇ ಬೇಡ ಅನ್ಸುತ್ತಾ ಅಂತಾನೂ ಕೇಳ್ತಾಳೆ. ಎಲ್ಲಕ್ಕೂ ಇಲ್ಲ ಅನ್ನು. ಗೊತ್ತಾಯ್ತಾ? ನಿನ್ನ ಬಾಯಿಂದ ಒಂದು 'ಹೌದು' ಬಿತ್ತೋ, ನನ್ನ ಮರ್ಯಾದೆ ಮೂರು ಕಾಸು."

"ಸರಿ," ಎಂದಳು.

ಆ "ಹೂಂ" ನಿಂತಮೇಲೆ ಆಕೆ ಅವನ ಮಾತಿಗೆ ಕೊಟ್ಟ ಮೊದಲ ಉತ್ತರ. ಇಂಥ ಮಾತಿಗೆ ಹಿಂದಿನ ಕಾಲದಲ್ಲಾಗಿದ್ದರೆ, "ನಿಮ್ಮ ಮರ್ಯಾದೆಗೆ ಮೂರು ಕಾಸು ಕೊಡೋ ಧಾರಾಳಿ ಯಾರ್ರೀ?" ಎಂದು ಶುರುವಾಗಿ ಮಧ್ಯಾಹ್ನದವರೆಗೆ ನಡೆಯುತ್ತಿತ್ತು. ಮೀಟರಪ್ಪ ಒಂದು ಗಳಿಗೆ ಕಾದ, ಅಭ್ಯಾಸಬಲ. ಏನೂ ಬರಲಿಲ್ಲ. ಇನ್ನೂ ಒಂದು ಗಳಿಗೆ ಕಾದ. ಗೆದ್ದವನು ಹೀಗೆ ಕಾಯಬಾರದು ಎಂದು ಅದನ್ನು ಅಲ್ಲಿಗೇ ಬಿಟ್ಟ.

ಹನ್ನೊಂದಕ್ಕೆ ಸರಿಯಾಗಿ ಮೇಲ್ವಿಚಾರಕಿ ಬಂದಳು. ಮುಸುಕು ಹಾಕಿದ ಮಿಶನ್ನನ್ನು ನೋಡಿದಳು, ಧೂಳು ಕೂತ ಮುಸುಕಿನ ಮೇಲೆ ಬೆರಳಿಂದ ಒಂದು ಗೀಟು ಎಳೆದಳು, ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮೀಟರಪ್ಪ ಹೊರಗೆ ನಿಂತ. ಕುರ್ಚಿ ಇತ್ತು, ಕೂರಲಿಲ್ಲ. ಎರಡು ನಿಮಿಷವಾಯಿತು. ಹತ್ತಾಯಿತು. ಮೊದಲು ಒಳಗಿಂದ ಒಂದೇ ದನಿ ಕೇಳುತ್ತಿತ್ತು, ಮೇಲ್ವಿಚಾರಕಿಯದು. ಅದೂ ನಿಂತಿತು. ಆಮೇಲೆ ಇನ್ನೊಂದು ದನಿ, ಬಾವಿಯ ತಳದಿಂದ ಬಂದಂತೆ, ನಿಂತು ನಿಂತು. ಅವನು ಬಾಗಿಲ ಸಂದಿಗೆ ಕಿವಿ ಇಟ್ಟ, ಕಣ್ಣಿಟ್ಟ. ಇಪ್ಪತ್ತಾರು ವರ್ಷ ಎಂತೆಂಥ ಕತ್ತಲ ಸಂದಿಯಲ್ಲೋ ಅಂಕಿ ಕಂಡವನಿಗೆ ಇಲ್ಲಿ ಒಂದಕ್ಷರ ಸಿಗಲಿಲ್ಲ.

ಒಂದು ಗಂಟೆ ಹತ್ತು ನಿಮಿಷಕ್ಕೆ ಬಾಗಿಲು ತೆರೆಯಿತು.

"ಒಂಬತ್ತಕ್ಕೂ ಇಲ್ಲ ಅಂದ್ರು," ಎಂದಳು ಮೇಲ್ವಿಚಾರಕಿ.

ಮೀಟರಪ್ಪನ ಮೀಸೆ ತಾನಾಗಿ ಮೇಲೆದ್ದಿತು. "ನಾನು ಹೇಳಲಿಲ್ವಾ ಮೇಡಂ—"

"ನೀವು ಹೇಳಿದ್ದು ಅವರಿಗೆ. 'ಎಲ್ಲಕ್ಕೂ ಇಲ್ಲ ಅನ್ನಕ್ಕೆ ಹೇಳಿದ್ದಾರೆ, ಅದಕ್ಕೇ ಅಂದೆ' ಅಂದ್ರು. ಪೆನ್ನು ಒಳಗಿಟ್ಟು ಮತ್ತೆ ಮೊದಲಿಂದ ಕೇಳಿದೆ."

"ಏನಂದ್ಲು?"

"ಅದನ್ನ ನಿಮಗೆ ಹೇಳೋ ಹಾಗಿಲ್ಲ, ನಿಯಮ. ಇಷ್ಟು ಹೇಳ್ತೀನಿ, ಒಪ್ಪಿಗೆ ತಗೊಂಡಿದ್ದೀನಿ. ನಾಳೆ ಒಂಬತ್ತಕ್ಕೆ ಅವರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ಅಲ್ಲೀವರೆಗೂ ಅವರನ್ನ ಒಬ್ಬರನ್ನೇ ಬಿಡಬೇಡಿ. ಹೊರಗೆಲ್ಲೂ ಹೋಗಬೇಡಿ. ಅರ್ಥ ಆಯ್ತಾ?"

ಅರ್ಥವಾಯಿತು. ಒಂಬತ್ತನೇ ಪ್ರಶ್ನೆ ಯಾವುದು ಎಂದು ಅವನಿಗೆ ಬಾಯಿಪಾಠವಿತ್ತು. ಗೋಡೆಯನ್ನು ಹಿಡಿದುಕೊಂಡ. ಕೈಗೆ ಪ್ರಶಸ್ತಿ ಪತ್ರದ ಕಟ್ಟು ಸಿಕ್ಕಿ ಸೊಟ್ಟಗಾಯಿತು.

ಮೇಲ್ವಿಚಾರಕಿ ಚೀಲದಿಂದ ಒಂದು ಖಾಲಿ ಫಾರಂ ತೆಗೆದು ಮಿಶನ್ನಿನ ಮೇಲಿಟ್ಟಳು. "ಇದು ಕಚೇರಿಗಲ್ಲ, ಲೆಕ್ಕಕ್ಕೂ ಅಲ್ಲ. ಗಣತಿ ಕೆಲಸ ನಿಮಗೆ ಇವತ್ತಿಗೆ ಮುಗೀತು. ಏನಂದ್ರು ಅಂತ ಗೊತ್ತಾಗಬೇಕಿದ್ರೆ ನೀವೇ ಕೇಳಿ. ಕೇಳೋದು ಹೇಗೆ ಅಂತ ಮೂರು ದಿನ ಹೇಳ್ಕೊಟ್ಟಿದ್ದೀನಿ."

ಆಸ್ಪತ್ರೆಯ ಮನಸ್ಸಿನ ವಿಭಾಗ ಹಿಂಬದಿಯಲ್ಲಿತ್ತು. ಅಲ್ಲಿಗೆ ಹೋಗುವವರೆಲ್ಲ ಬೇರೆಲ್ಲಿಗೋ ಹೋಗುವವರಂತೆ ನಡೆಯುತ್ತಿದ್ದರು. ಮರುದಿನ ಹೆಂಡತಿಯ ಹಿಂದೆ ಒಳಗೆ ಹೋದ ಮೀಟರಪ್ಪ ಬಾಗಿಲಲ್ಲೇ ನಿಂತುಬಿಟ್ಟ. ಮೇಲ್ವಿಚಾರಕಿ ಹಿಂದಿನ ಸಂಜೆಯೇ ಉಳಿದ ಫಾರಂಗಳ ಮನೆಗಳಿಗೂ ಹೋಗಿ ಬಂದಿದ್ದಳು. ಅವನು ಬರೆದ 'ಇಲ್ಲ'ಗಳೆಲ್ಲ ಬೆಂಚಿನ ಮೇಲೆ ಸಾಲಾಗಿ ಕೂತಿದ್ದವು. ಮೈಯುರಿಯ ಮುದುಕ ಇದ್ದ. ಇಸ್ತ್ರಿ ಅಂಗಡಿಯಾಕೆ ಇದ್ದಳು, ಅವನನ್ನು ಕಂಡದ್ದೇ ಸೆರಗು ಮುಖಕ್ಕೆ ಎಳೆದುಕೊಂಡಳು. ಲಾರಿ ಡ್ರೈವರ್ ಇದ್ದ, "ನನಗಾದ್ರೂ ನಿನ್ನ ಪುಸ್ತಕದಲ್ಲಿ ಜಾಗ ಇದೆ" ಎಂಬ ಗತ್ತಿನಲ್ಲಿ ಕಾಲು ಚಾಚಿ. ಬಡಗಿ ಮೂಲೆಯಲ್ಲಿ ಹಿಂಡಿದ ಬಟ್ಟೆಯ ಹಾಗೆ ಕುಸಿದಿದ್ದ. ಹುರುಪು ಇಳಿದುಹೋಗಿತ್ತು, ಕೈಗೆ ಬ್ಯಾಂಡೇಜು ಸುತ್ತಿತ್ತು. ಪಕ್ಕದಲ್ಲಿ ಅವನ ಹೆಂಡತಿ.

"ಬನ್ನಿ ಬನ್ನಿ," ಎಂದಳು ಬಡಗಿಯ ಹೆಂಡತಿ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಒಬ್ಬರು ಅವನಿಗೆ 'ಬನ್ನಿ' ಅಂದಿದ್ದರು. "ಶ್ರಮಜೀವಿ ಅಂತ ಬರೆದ್ರಂತೆ? ಮೇಡಂ ತೋರಿಸಿದ್ರು. ನಲವತ್ತು ಕುರ್ಚಿ ಮುಗಿಯೋ ಮೊದಲೇ ಉಳಿ ಕೈಗಿಳಿಸ್ಕೊಂಡ. ಆವತ್ತು ನಾನು ನಿಮ್ಮ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ನಲ್ಲ, ಒಂದು ಸಲ 'ಏನಮ್ಮ' ಅನ್ನಕ್ಕೆ ನಾಲಿಗೆ ಸವೀತಿತ್ತಾ?"

ಬೆಂಚಿನ ತುಂಬ ಇದ್ದವರೆಲ್ಲ ಅವನನ್ನು ನೋಡಿದರು. ಅವನ ಸ್ವಂತ ಹೆಂಡತಿ ಮಾತ್ರ ನೋಡಲಿಲ್ಲ. ಕೂರಲು ಯಾರೂ ಜಾಗ ಬಿಡಲಿಲ್ಲ.

ಡಾಕ್ಟರು ಮಾತ್ರೆ ಕೊಟ್ಟರು. ವಾರಕ್ಕೊಮ್ಮೆ ಬಂದು ಮಾತಾಡಿ ಹೋಗಬೇಕು ಎಂದರು. ಬೇಗ ಆಗುವುದಲ್ಲ, ಆದರೆ ಆಗುತ್ತದೆ ಎಂದರು. ಮೀಟರಪ್ಪ "ಸರಾಸರಿ ಎಷ್ಟು ದಿನ?" ಎಂದು ಕೇಳಹೋಗಿ ಬಾಯಿ ಮುಚ್ಚಿಕೊಂಡ.

ಆಮೇಲಿನ ದಿನಗಳಲ್ಲಿ ಅವನಿಗೆ ಕೆಲಸವೆಂದು ಉಳಿದದ್ದು ಆ ಒಂದೇ ಫಾರಂ. ಮಿಶನ್ನಿನ ಮೇಲೆ ಬಿದ್ದಿತ್ತು. ಹಾದುಹೋಗುವಾಗೆಲ್ಲ ನೋಡುವನು, ನೋಡದವನಂತೆ ಹೋಗುವನು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ ಮೀಸೆ ಮುಟ್ಟಿಕೊಳ್ಳುವನು. ಮೂರನೆಯ ವಾರ, ಒಂದು ಬೆಳಿಗ್ಗೆ, ಫಾರಂ ಹಿಡಿದು ಕೋಣೆಯ ಬಾಗಿಲಲ್ಲಿ ನಿಂತ.

"ಏನೇ... ಎರಡು ವಾರದಿಂದ ಮನಸ್ಸು ಕುಗ್ಗಿತ್ತಾ?"

"ನಿಮಗೆ ಹೇಳಲ್ಲ."

ಅಷ್ಟೇ. ಆದರೆ ಇದು 'ಸರಿ' ಅಲ್ಲ ಎಂದು ಅವನು ಗುರುತಿಸಿದ. ಫಾರಂನ ಮೇಲ್ಭಾಗದಲ್ಲಿ ದಿನಾಂಕ ಹಾಕಿ, 'ಮೊದಲ ಭೇಟಿ, ಬೆಳಿಗ್ಗೆ, ಬೀಗ' ಎಂದು ಬರೆದ. ಕೆಳಗಿನ ಚೌಕಗಳಲ್ಲಿ ಏನನ್ನೂ ತುಂಬಲಿಲ್ಲ. ಕೈ ತುರಿಸಿತು, ಆದರೂ ತುಂಬಲಿಲ್ಲ.

ಎರಡನೆಯ ಭೇಟಿ ಹತ್ತು ದಿನ ಬಿಟ್ಟು, ಮಧ್ಯಾಹ್ನ. ಆಕೆ ಅಡುಗೆಮನೆಯಲ್ಲಿ ತಟ್ಟೆ ಮುಂದಿಟ್ಟುಕೊಂಡು ಎರಡು ತುತ್ತು ತಿನ್ನುತ್ತಿದ್ದಳು.

"ಊಟ... ಊಟ ಹೇಗೆ ಸೇರ್ತಿದೆ?"

"ಅದು ಐದನೇ ಪ್ರಶ್ನೆ," ಎಂದಳು ತಲೆಯೆತ್ತದೆ. "ಒಂದು ಕೇಳದೆ ಐದಕ್ಕೆ ಹಾರೋದು. ಓದಕ್ಕೂ ಸೋಮಾರಿತನ."

ಬೈದಳು! ಮೀಟರಪ್ಪನ ಎದೆ ಹಾರಿತು. ಹೊರಗೆ ಬಂದು ಗೋಡೆಗೊರಗಿ ನಿಂತು ಆ ಮಾತನ್ನು ಮತ್ತೆ ಮತ್ತೆ ಮೆಲುಕು ಹಾಕಿದ. ಸೋಮಾರಿತನ. ಹಳೆಯ ದಿನಗಳಲ್ಲಿ ಇದು ಬೈಗುಳವೇ ಅಲ್ಲ, ಬೈಗುಳದ ಮುಂಚಿನ ಕೆಮ್ಮು. ಆದರೂ ಬರೆದ: 'ಎರಡನೇ ಭೇಟಿ, ಮಧ್ಯಾಹ್ನ.' ಬೀಗ ಎಂದು ಬರೆಯಬೇಕೋ ಬೇಡವೋ ತಿಳಿಯದೆ ಅಷ್ಟಕ್ಕೇ ಬಿಟ್ಟ.

ಮೂರನೆಯದು ಕೊನೆಯದು. ಇದೂ ಆಗದಿದ್ದರೆ ಖಾಲಿ. ನಿಯಮ ಮಾಡಿದವಳು ಈ ಮನೆಯ ಮೇಲೆ ಕಣ್ಣಿಟ್ಟೇ ಮಾಡಿದಳೋ ಎಂದು ಅವನಿಗೆ ಮೇಲ್ವಿಚಾರಕಿಯ ಮೇಲೆ ಕೆಟ್ಟ ಕೋಪ ಬಂತು. ಎರಡು ವಾರ ಮುಂದೂಡಿದ. ಕೊನೆಗೆ ಒಂದು ಸಂಜೆ ಬಿಸಿಲು ಇನ್ನೂ ಕಿಟಕಿಯಲ್ಲಿರುವಾಗ ನಡುಮನೆಗೆ ಬಂದರೆ, ಆಕೆ ಮಿಶನ್ನಿನ ಮುಂದೆ ಕೂತಿದ್ದಳು. ಮುಸುಕು ತೆಗೆದಿರಲಿಲ್ಲ. ಅದರ ಮೇಲೆ ಮೇಲ್ವಿಚಾರಕಿ ಎಳೆದ ಗೀಟು, ಹೊಸ ಧೂಳಿನ ಅಡಿಯಲ್ಲಿ ಮಸುಕಾಗಿ, ಇನ್ನೂ ಇತ್ತು. ಆಕೆ ಅದನ್ನೇ ನೋಡುತ್ತಿದ್ದಳು.

ಮೀಟರಪ್ಪ ಪಕ್ಕದಲ್ಲಿ ನಿಂತು ಗಂಟಲು ಸರಿಮಾಡಿಕೊಂಡ. "ಎರಡು ವಾರದಿಂದ—"

"ಕೂತ್ಕೊಂಡು ಕೇಳಿ. ನಿಂತ್ಕೊಂಡು ಓದಕ್ಕೆ ನಾನೇನು ಗೋಡೇಲಿ ಹೊಡೆದಿರೋ ಡಬ್ಬೀನಾ?"

ಕುರ್ಚಿ ಎಳೆದು ಕೂತ.

"ಎರಡು ವಾರದಿಂದ ದಿನದ ಹೆಚ್ಚು ಹೊತ್ತು ಮನಸ್ಸು ಕುಗ್ಗಿತ್ತಾ?"

"ಎರಡು ವಾರ ಅಲ್ಲ. ಹತ್ತು ತಿಂಗಳು. ಬರ್ಕೊಳ್ಳಿ." ಆಕೆಯ ದನಿ ಸಣ್ಣಗಿತ್ತು, ಆದರೆ ಅಂಚು ಇತ್ತು. "ನಾನು ದಿನಾ ಒಂಚೂರು ಒಂಚೂರು ಸಾಯ್ತಿದ್ದೆ, ನೀವು ಗೆದ್ದೆ ಅಂತ ಊರಿಗೆಲ್ಲ ಡಂಗುರ ಹೊಡ್ಕೊಂಡು ಬಂದ್ರಿ. ಪ್ಯಾಂಟು ವಾಪಸ್ ತಗೊಂಡು ಹೋಗಕ್ಕೆ ಬಂದೋಳು ನನ್ನ ಮುಖಕ್ಕೇ ಹೇಳಿದ್ಲು. ಕೊಡೆ ತಂದು ಚಾಪೆ ಮೇಲೆ ಬಿಚ್ಚಿಟ್ರಿ. ನೋಡ್ದೆ. ಇವನಿಗೆ ಬೈಯಬೇಕು ಅಂತ ಗೊತ್ತಿತ್ತು, ಮಾತು ಎಲ್ಲಿದೆ ಅಂತ ಗೊತ್ತಾಗ್ಲಿಲ್ಲ. ಅದನ್ನೂ ಬರ್ಕೊಳ್ಳಿ. ಬಾಗಿಲಲ್ಲಿ ನಿಂತು ಸರ್ಕಾರ ಕೇಳ್ತಿದೆ ಅಂದ್ರಲ್ಲ, ಆವತ್ತು ಒಂದು ಸಲ ಒಳಗೆ ಬಂದು ಕೂತಿದ್ರೆ ಹೇಳ್ತಿದ್ದೆ. ನಿಮ್ಮ ಕಾಲು ಹೊಸ್ತಿಲು ದಾಟಲಿಲ್ಲ."

ಮೀಟರಪ್ಪ ಬರೆಯುತ್ತಿದ್ದ. ಫಾರಂನಲ್ಲಿ ಉತ್ತರಕ್ಕೆಂದು ಬಿಟ್ಟ ಜಾಗ ಹೆಬ್ಬೆರಳಿನಷ್ಟು. ಅದು ತುಂಬಿ ಅಂಚಿಗೆ ಹೋಯಿತು, ಅಂಚಿನಿಂದ ಹಿಂದಿನ ಪುಟಕ್ಕೆ. ಬಾಯಿಗೆ ಒಂದು ಸಮಜಾಯಿಷಿ ಬಂತು, ಅದೂ ಬಲವಾದದ್ದೇ, ಇಪ್ಪತ್ತೈದು ವರ್ಷದ ಅನುಭವದ್ದು. ನುಂಗಿದ. ಇನ್ನೊಂದು ಬಂತು. ಅದನ್ನೂ ನುಂಗಿದ.

ಎರಡನೆಯ ಪ್ರಶ್ನೆಗೆ ಬಿಸಿಲು ಕಿಟಕಿಯಿಂದ ಇಳಿದಿತ್ತು. ಅದರಲ್ಲಿ ಮಿಶನ್ನು ಬಂತು, ಹಿಂದಕ್ಕೆ ಹೋದ ಪ್ಯಾಂಟುಗಳು ಬಂದವು, ಮದುವೆಯಾದ ಹೊಸದರಲ್ಲಿ ಅವನು ಮಾಡಿದ ಯಾವುದೋ ಒಂದು ತಪ್ಪೂ ಬಂತು. ಪ್ರಶ್ನೆಗೂ ಅದಕ್ಕೂ ಏನು ಸಂಬಂಧ ಎಂದು ಕೇಳುವ ಧೈರ್ಯ ಅವನಿಗೆ ಇರಲಿಲ್ಲ. ಬರೆದೂ ಬರೆದೂ ಬೆರಳು ಸೆಟೆದುಕೊಂಡಿತು. ಪೆನ್ನು ಕೆಳಗಿಟ್ಟು ಕೈ ಕೊಡವಿದ.

ಆಕೆಗೂ ದಣಿವಾಗಿತ್ತು. ಮುಖ ಬೂದಿಯಾಗಿತ್ತು. ಎದ್ದು ಮಲಗಲು ಹೊರಟವಳು ಬಾಗಿಲಲ್ಲಿ ನಿಂತು, ಹಿಂತಿರುಗಿ ಅವನ ಕೈಯನ್ನು ನೋಡಿದಳು.

"ಎರಡಕ್ಕೇ ಸುಸ್ತಾದ್ರಾ? ಇನ್ನೂ ಏಳಿದೆ. ಒಂಬತ್ತನೇದಕ್ಕೆ ಬರೋ ಹೊತ್ತಿಗೆ ಆ ಪೆನ್ನಿಗೆ ಇಂಕಿರಲಿ."

ಮೀಟರಪ್ಪ ಫಾರಂ ತಿರುವಿ ಮೊದಲ ಪುಟಕ್ಕೆ ಬಂದ. ಶುರುವಾದ ಸಮಯ ಬರೆದಿದ್ದ. ಮುಗಿದ ಸಮಯ ಎಂಬಲ್ಲಿಗೆ ಪೆನ್ನು ಒಯ್ದ, ಹಿಂದಕ್ಕೆ ತಂದ. ಆಮೇಲೆ ಎದ್ದು, ಕುರ್ಚಿಯನ್ನು ಮಾತ್ರ ಅಲ್ಲೇ ಬಿಟ್ಟು, ಅಂಗಡಿಗೆ ಪೆನ್ನು ತರಲು ಹೋದ.